ಬದುವಿನ ಮೇಲೆ ಬಿದ್ದ ಬೀಜ

ಯೂಫೆನ್ ಮತ್ತೆ ಬಂದಿದ್ದಳು. ಸರೋವರದ ಮಂಜಿನಲ್ಲೂ ಬಿಯಾನ್‌ಗೆ ಗುರುತು ಸಿಕ್ಕಿತು: ಪಕ್ಕದ ಗದ್ದೆಯ ವಿಧವೆ, ತೋಳಿನಲ್ಲಿ ಬುಟ್ಟಿ, ಅವನ ಗದ್ದೆಯತ್ತ ಬೀಸುವ ಕೈ. ಅವನು ಬದುವಿನ ಮೇಲೆ ಓಡಿದ. ಅವಳು ಓಡಲಿಲ್ಲ.

"ಏನ್ ಚೆಲ್ತಿದೀರ ಅತ್ತಿಗೆ?"

"ಕೈ ಒದರಿಕೊಂಡೆ ಕಣಪ್ಪ. ಗಂಜಿ ಆಯ್ತಾ?"

ಅವಳು ಹೋದಮೇಲೆ ಬದುವಿನಿಂದ ಒಂದು ಚಿಟಿಕೆ ಹೆಕ್ಕಿದ. ಕಳೆಬೀಜವೇ. ಎಳೆಯದಾಗಿದ್ದಾಗ ಭತ್ತದಂತೆಯೇ ಕಾಣುವ ಆ ಹಾಳು ಹುಲ್ಲಿನದು. ದಪ್ಪಗೆ ಉಬ್ಬಿತ್ತು, ಮುಂಜಾವಿನ ತಂಪಿನಲ್ಲೂ ಬೆಚ್ಚಗಿತ್ತು. ಅವಳ ಮುಷ್ಟಿಯ ಬಿಸಿ ಅಂದುಕೊಂಡ. ಹಗೆಯ ಬಿಸಿ.

ಹಗೆ ಯಾಕೆಂದು ಅವನಿಗೆ ಗೊತ್ತಿತ್ತು. ಹೋದ ವರ್ಷ ಅವನು ಉಳಿದ ಕಳೆ ಕೊಲ್ಲುವ ಔಷಧಿಯನ್ನು ಅವಳ ಗದ್ದೆಗೆ ಹರಿಯುವ ಕಾಲುವೆಗೆ ಸುರಿದಿದ್ದ. ಕಳೆ ಮೇಯಲೆಂದು ಅವಳು ಗದ್ದೆಗೆ ಬಿಟ್ಟಿದ್ದ ನಲವತ್ತು ಬಾತುಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಒಂದೊಂದನ್ನೇ ಮಡಿಲಿಗೆ ಹಾಕಿಕೊಂಡು ಒರೆಸುತ್ತಿದ್ದವಳಿಗೆ ಊರವರೆದುರು ಹೇಳಿದ್ದ: "ಅಳೋದ್ಯಾಕೆ ಅತ್ತಿಗೆ? ಉಪ್ಪು ಸವರಿ ನೇತುಹಾಕಿ, ಹೊಸವರ್ಷದ ಊಟಕ್ಕಾಗುತ್ತೆ."

ಬಿಯಾನ್‌ನದು ಬಿತ್ತನೆ ಭತ್ತದ ಗದ್ದೆ. ಅದರಲ್ಲಿ ಕಳೆ ಕಂಡರೆ ಬೀಜ ಕೇಂದ್ರದವರು ಬೆಳೆಗಾರರ ಪಟ್ಟಿಯಿಂದ ಅವನ ಹೆಸರನ್ನೇ ಹೊಡೆದುಹಾಕುತ್ತಾರೆ. ಔಷಧಿ ಹೊಡೆದ. ಧೈರ್ಯ ಸಾಲದೆ ಮತ್ತೆ ಹೊಡೆದ, ಅದನ್ನೇ.

"ಪ್ರತಿಸಲ ಒಂದನ್ನೇ ಹೊಡೀಬೇಡ ಮಾರಾಯ," ಅಂದ ಅಂಗಡಿಯವನು.

"ಇದನ್ನೇ ಕೊಡು. ಎರಡು ಪಟ್ಟು ಕೊಡು."

ಹುಲ್ಲು ಸತ್ತಿತು. ಅಲ್ಲೊಂದು ಇಲ್ಲೊಂದು ಉಳಿದು, ಬೀಜ ಉದುರಿಸಿತು.

ಮರುವರ್ಷವೂ ಯೂಫೆನ್ ಬಂದಳು, ಸರಿಯಾಗಿ ಅವನು ಬದುವಿನಲ್ಲಿರುವ ಹೊತ್ತಿಗೇ. ಅವನು ನಾಲ್ಕು ಸಲ ಹೊಡೆದ. ಉಳಿದ ಗಿಡಗಳು ನೂರಾರಾದವು. ಮೂರನೆಯ ವರ್ಷ ಕಳೆಯು ಔಷಧಿಯಲ್ಲೇ ಮಿಂದು, ಭತ್ತದ ತಲೆ ಮೀರಿ ನಿಂತಿತು. ಬೀಜ ಕೇಂದ್ರದವರು ಬಂದು, ಗದ್ದೆಯಂಚಿನಲ್ಲಿದ್ದ ಅವನ ಹೆಸರಿನ ಫಲಕವನ್ನು ಕಿತ್ತುಕೊಂಡು ಹೋದರು.

ಬಿಯಾನ್ ಕಣ್ಣೊರೆಸಿಕೊಳ್ಳುತ್ತಲೇ ಅವಳ ಅಂಗಳಕ್ಕೆ ನುಗ್ಗಿದ. ಒಲೆಯ ಮುಂದೆ ಕೂತಿದ್ದಳು. ಕಾಲ ಬಳಿ ಹೊಸ ಬಾತುಮರಿಗಳು ಕೂಳಿಗಾಗಿ ಕೂಗುತ್ತಿದ್ದವು.

"ನನ್ನ ಗದ್ದೆಗೆ ಕಳೆ ಬಿತ್ತಿದ್ದು ನೀನೇ! ಪೊಲೀಸರ ಮುಂದೆ ಬಾಯಿ ಬಿಡಿಸ್ತೀನಿ!"

"ಬಿಡಿಸಪ್ಪ." ಅವಳು ಬಾಣಲೆಯ ಮುಚ್ಚಳ ತೆಗೆದಳು. ಕುದಿಯುವ ನೀರಿನಲ್ಲಿ ಕಳೆಬೀಜ ಉಬ್ಬಿ ಕುಣಿಯುತ್ತಿತ್ತು. "ಮೂರು ವರ್ಷವೂ ಹೀಗೇ ಬೇಯಿಸಿ ಚೆಲ್ಲಿದ್ದು. ಒಂದು ಕಾಳಾದ್ರೂ ಮೊಳೆಯುತ್ತಾ? ನಿನ್ನ ಗದ್ದೇಲಿ ಮೊದಲೇ ಇದ್ದ ಹುಲ್ಲಲ್ಲಿ ಸಾಯದ್ದನ್ನ ಆರಿಸಿ ಆರಿಸಿ ಸಾಕಿದ್ದು ನಿನ್ನ ಔಷಧಿ. ಅಳೋದ್ಯಾಕೆ ಬಿಯಾನ್? ಉಪ್ಪು ಕೊಡ್ಲಾ?"