ಹಿಂದಿನ ಸೀಟು

"ರೀ, ಕಾಲೆತ್ತಿ! ನೀವು ಹೀಗೆ ನೆಲ ಉಜ್ಜುತ್ತಿದ್ರೆ ನಾನು ಹೇಗೆ ತುಳೀಲಿ?" ಸೈಕಲ್ ಓಡಿಸುತ್ತಿದ್ದ ಹೆಂಡತಿ ಗದರಿದಳು. ಕ್ಯಾರಿಯರ್ ಮೇಲೆ ಕೂತಿದ್ದ ಕ್ಷೌರಿಕ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಸೈಕಲ್ ಕಲಿತು ತಿಂಗಳಾಗಿತ್ತಷ್ಟೇ. ಇವತ್ತು ಅವನ ಸೈಕಲ್ಲಿನ ಚೈನು ತುಂಡಾಗಿದ್ದರಿಂದ, ಹೊಲಿಗೆ ಕಾರ್ಖಾನೆಗೆ ಹೋಗುವ ದಾರಿಯಲ್ಲೇ ಅವನನ್ನೂ ಅಂಗಡಿಗೆ ಬಿಡಲು ಹೊರಟಿದ್ದಳು.

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಗಿರಾಕಿಯೊಬ್ಬ ಹಲ್ಲು ಕಿರಿದ. "ಏನಣ್ಣಾ, ಇವತ್ತು ಹಿಂದಿನ ಸೀಟಾ?"

ಕ್ಷೌರಿಕನ ಮುಖ ಹುಳ್ಳಗಾಯಿತು. ಹೆಂಡತಿಯೇ ಉತ್ತರ ಕೊಟ್ಟಳು: "ಇಷ್ಟು ವರ್ಷ ಅವರು ನನ್ನ ಕೂರಿಸ್ಕೊಂಡು ತುಳಿದ್ರು. ಈಗ ನನ್ನ ಸರದಿ."

ಹಸಿರು ದೀಪ ಹತ್ತಿತು. ಮುಂದೆ ಉದ್ದನೆಯ ಇಳಿಜಾರು. ಅವನು ಮೆಲ್ಲಗೆ ಒಂದು ಕಾಲೆತ್ತಿದ, ಆಮೇಲೆ ಇನ್ನೊಂದನ್ನೂ. ಸೈಕಲ್ ಹಗುರವಾಗಿ ಜಾರಿತು, ಅಂಗಿಯೊಳಗೆ ಗಾಳಿ ತುಂಬಿತು, ಹೆಂಡತಿ ಕಿಲಕಿಲ ನಕ್ಕಳು.

"ಬೆಲ್ ಹೊಡಿಯೇ," ಎಂದು ಅವನು ಕೂಗಿದ, "ಎಲ್ಲರೂ ನೋಡ್ಲಿ!"