ಪೇಟಿ ಕಾದ ಮಧ್ಯಾಹ್ನ

ನನ್ನ ನಿವೃತ್ತಿಯ ವಾರ ಕಾಕಾನ ಮಗ ವಾಡಿಯಿಂದ ತಂದುಕೊಟ್ಟ ಅಜ್ಜನ ಹಾರ್ಮೋನಿಯಂ ತೆರೆದರೆ, ಯಾಕೋ ಪೆಪ್ಪರಮಿಂಟಿನ ವಾಸನೆ ಬರುತ್ತದೆ.

ಚಿತ್ತಾಪುರದ ಮನೆಯಲ್ಲಿ ನನ್ನ ಚಿಕ್ಕಂದಿನ ಆ ಮಧ್ಯಾಹ್ನ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ್ದಳು: "ನಿಮ್ಮ ಕಾಕಾನ ಕಣ್ಣು ಪೇಟಿ ಮ್ಯಾಲ ಅದ. ನಾ ಬರೋತನಕ ಪೇಟಿ ಬಿಟ್ಟು ಏಳಬ್ಯಾಡ."

ಅವಳು ಹೊರಗೆ ಹೋದಳು. ನಾನು ಬಟ್ಟೆ ತುಂಬಿದ ತಗಡಿನ ಪೆಟ್ಟಿಗೆಯ ಮೇಲೆ ಕುಳಿತೆ. ಕಾಕಾ ನಕ್ಕು, ನನ್ನ ಅಂಗೈಗೆ ಪೆಪ್ಪರಮಿಂಟು ಇಟ್ಟು, ಹಾರ್ಮೋನಿಯಂ ಎತ್ತಿಕೊಂಡು ನಡೆದ.

ಮರಳಿ ಬಂದ ಅಜ್ಜಿ ಚೀರಿದಳು, "ಪೇಟಿ ಎಲ್ಲಿ?"

"ಇಲ್ಲೇ ಅದಲ್ಲ," ಎಂದು ನಾನು ಕೂತಿದ್ದ ತಗಡನ್ನು ಬಡಿದೆ.

"ಕೂಸಿಗೆ ತಿಳೀಲಿಲ್ಲ, ಬಿಡ್ರಿ," ಎಂದಳು ಅವ್ವ. ಅಜ್ಜಿ ಬಗ್ಗಿ ನನ್ನ ಬಾಯಿ ಮೂಸಿದಳು.

ಪೆಟ್ಟಿಗೆಗೂ ಪೇಟಿ ಅನ್ನುವವರು ಊರಲ್ಲಿದ್ದರು; ಆದರೆ ಆ ತಗಡಿನ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ಎಲ್ಲರೂ ಟ್ರಂಕು ಎನ್ನುತ್ತಿದ್ದರು. ಪೇಟಿ ಎಂದರೆ ಹಾರ್ಮೋನಿಯಂ ಒಂದೇ. ನಾನೂ ಹಾಗೇ ಅನ್ನುತ್ತಿದ್ದೆ.