ಬಳೆಯ ಸದ್ದು

ಪಾದಗಳು ಮರಗಟ್ಟಿ ತಿಂಗಳುಗಳೇ ಕಳೆದಿದ್ದವು. ಬಸ್ ಓಡಿಸುವವನ ಕಾಲಿಗೆ ಸ್ಪರ್ಶವೇ ಇಲ್ಲವೆಂದು ಗೊತ್ತಾದರೆ ಡಿಪೋದವರು ಸ್ಟೇರಿಂಗ್ ಮುಟ್ಟಗೊಡುವರೇ? ಹೆಂಡತಿಯ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ. ಈಗ ವೈದ್ಯಕೀಯ ತಪಾಸಣೆಗೆ ಬಂದು, ಮಂಚದ ಮೇಲೆ ಬರಿಗಾಲಲ್ಲಿ ಮಲಗಿ ಬೆವರುತ್ತಿದ್ದ.

“ಕಣ್ ಮುಚ್ಕೊಳ್ಳಿ. ಕಾಲಿಗೆ ಹತ್ತಿ ತಾಗಿದ ಕೂಡ್ಲೇ ಹೂಂ ಅನ್ನಿ,” ಎಂದರು ಡಾಕ್ಟರಮ್ಮ.

ಮುಚ್ಚಿದ. ಏನೂ ತಾಗಲಿಲ್ಲ. ಅಷ್ಟರಲ್ಲಿ ಅವರ ಕೈಬಳೆ ಘಲ್ ಎಂದಿತು.

“ಹೂಂ,” ಎಂದುಬಿಟ್ಟ.

“ಸರಿ.”

ಮತ್ತೆ ಘಲ್. ಮತ್ತೆ “ಹೂಂ.” ಮತ್ತೆ “ಸರಿ.” ಹೋದ ಜೀವ ಬಂದಂತಾಯಿತು. ಆಮೇಲೆ ಬಳೆ ಕೊಂಚ ಹೆಚ್ಚು ಹೊತ್ತು ಸದ್ದು ಮಾಡಿತು.

“ಹೂಂ.”

ಈ ಸಲ ‘ಸರಿ’ ಬರಲಿಲ್ಲ. ಕೋಣೆಯೆಲ್ಲ ನಿಶ್ಶಬ್ದ. ಅವನು ಕಿವಿ ನಿಮಿರಿಸಿ ಕಾದ.

“ಈಗ ಏನಾದ್ರೂ ಗೊತ್ತಾಗ್ತಿದ್ಯಾ?”

ತನ್ನನ್ನು ಸಿಕ್ಕಿಹಾಕಿಸಲಿಕ್ಕೇ ಕೇಳುತ್ತಿದ್ದಾರೆ ಅನ್ನಿಸಿತು.

“ಇಲ್ಲ ಮೇಡಂ, ನೀವಿನ್ನೂ ಮುಟ್ಟೇ ಇಲ್ವಲ್ಲ,” ಎಂದ ಧೈರ್ಯವಾಗಿ.

“ಕಣ್ ಬಿಡಿ.”

ಬಳೆಗಳು ಮೇಜಿನ ಮೇಲಿದ್ದವು. ಡಾಕ್ಟರಮ್ಮನ ಬೆರಳುಗಳು ಅವನ ಕಾಲಿನ ಹೆಬ್ಬೆರಳನ್ನು ಬಲವಾಗಿ ಹಿಂಡುತ್ತಿದ್ದವು.